ಯಾವ ಕಡೆ? ಒಪಿಡಿ ಚೀಟಿ ಕೇಳಲೇಬೇಕಾದ ಪ್ರಶ್ನೆ

ನೆಗಡಿಯಾದರೆ ಎರಡೂ ಹೊಳ್ಳೆ ಸೋರುತ್ತವೆ. ಧೂಳಿನ ಅಲರ್ಜಿಗೆ ಎರಡೂ ಕಟ್ಟಿಕೊಳ್ಳುತ್ತವೆ. ವಯಸ್ಸಾದಂತೆ ಕಿವಿ ಮಂದವಾಗುವುದೂ ಎರಡೂ ಕಡೆ, ಹೆಚ್ಚುಕಡಿಮೆ ಸಮಸಮವಾಗಿ. ಗಂಟಲು ಕೆಟ್ಟರೆ ಸಾಮಾನ್ಯವಾಗಿ ಎರಡೂ ಟಾನ್ಸಿಲ್ ಕೆಂಪಾಗಿ ಊದಿಕೊಳ್ಳುತ್ತವೆ. ಹೀಗೆ ಇಡೀ ದೇಹಕ್ಕೆ ತಗಲುವ ಕಾಯಿಲೆ ಎಡ ಬಲ ಎಂದು ಭೇದ ಮಾಡುವುದಿಲ್ಲ. ಆದ್ದರಿಂದ ಕಿವಿ, ಮೂಗು, ಗಂಟಲಿನ ತೊಂದರೆ ಒಂದೇ ಕಡೆ ಕಾಣಿಸಿಕೊಂಡು ವಾರಗಟ್ಟಲೆ ಅಲ್ಲೇ ಕೂತಿದ್ದರೆ, ಅದಕ್ಕೆ ಆ ಕಡೆಯಲ್ಲೇ ಏನೋ ಕಾರಣ ಇದೆ ಎಂದು ಅರ್ಥ. ಆ ಕಾರಣವನ್ನು ಹುಡುಕದೆ ಔಷಧಿಯ ಮೇಲೆ ಔಷಧಿ ಬರೆಯುತ್ತ ಹೋಗಬಾರದು.

ನಾನು ಕಿವಿ, ಮೂಗು, ಗಂಟಲಿನ ವೈದ್ಯೆ. ತುಮಕೂರು ಕಡೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಬಹಳ ಕಾಲ ಕೆಲಸ ಮಾಡಿ, ಈಗ ಅದೇ ಊರಿನಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ನನ್ನ ಬಳಿ ಬರುವ ಅನೇಕರ ಕೈಯಲ್ಲಿ ಪ್ಲಾಸ್ಟಿಕ್ ಕವರಿನ ತುಂಬ ಕಾಗದಗಳಿರುತ್ತವೆ. ರಕ್ತಪರೀಕ್ಷೆ, ಎಕ್ಸ್‌ರೇ, ಸಿ.ಟಿ. ಸ್ಕ್ಯಾನ್, ನಾಲ್ಕಾರು ಕಡೆ ತೋರಿಸಿದ ಚೀಟಿಗಳು. ಚೀಟಿಯಲ್ಲಿ ‘ಕಿವಿ ನೋವು’, ‘ಮೂಗಿನಲ್ಲಿ ರಕ್ತ’, ‘ತಲೆಸುತ್ತು’ ಎಂದಿರುತ್ತದೆ. ಬಲಗಡೆಯೋ ಎಡಗಡೆಯೋ ಎಂಬುದು ಎಷ್ಟೋ ಚೀಟಿಗಳಲ್ಲಿ ಇರುವುದೇ ಇಲ್ಲ. ಅಪರೂಪದ ಕಾಯಿಲೆ ತಡವಾಗಿ ಪತ್ತೆಯಾಗುವುದು ದೊಡ್ಡ ಯಂತ್ರಗಳಿಲ್ಲದ ಕಾರಣಕ್ಕೆ ಎಂದು ಜನ ತಿಳಿದಿದ್ದಾರೆ. ನಾನು ಕಂಡದ್ದು ಬೇರೆ. ಈ ಒಂದು ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ. ಕೇಳಿದ್ದರೂ, ಆ ಕಡೆ ಬೆಳಕು ಬಿಟ್ಟು ಯಾರೂ ನೋಡಿರುವುದಿಲ್ಲ.

ಮೊದಲು ಮಕ್ಕಳ ವಿಷಯ. ಮೂರು ವರ್ಷದ ಒಂದು ಹುಡುಗಿಯನ್ನು ಅವಳ ಅಜ್ಜಿ ಕರೆತಂದಿದ್ದರು. ಮೂಗಿನಿಂದ ಕೀವು, ಕೆಟ್ಟ ವಾಸನೆ. ಅಂಗನವಾಡಿಯಲ್ಲಿ ಬೇರೆ ಮಕ್ಕಳು ಅವಳ ಪಕ್ಕ ಕೂರುತ್ತಿರಲಿಲ್ಲ. ತಿಂಗಳುಗಳಿಂದ ಆ್ಯಂಟಿಬಯಾಟಿಕ್ ಸಿರಪ್ಪು, ನೆಗಡಿಯ ಡ್ರಾಪ್ಸು, ಮನೆಯಲ್ಲಿ ಹಬೆ, ಎಲ್ಲ ನಡೆದಿತ್ತು. ‘ಅಜ್ಜಿ, ಎರಡೂ ಕಡೆಯಿಂದ ಸೋರುತ್ತಾ?’ ಎಂದೆ. ‘ಇಲ್ಲ ಡಾಕ್ಟ್ರಮ್ಮ, ಬಲಗಡೇದು ಒಂದೇಯ’ ಎಂದರು.

ಮಗುವನ್ನು ಅಜ್ಜಿಯ ತೊಡೆಯ ಮೇಲೆ ಕೂರಿಸಿ, ನಾಲಿಗೆ ಒತ್ತಿ ನೋಡುವ ತಣ್ಣನೆಯ ಸ್ಟೀಲ್ ಪಟ್ಟಿಯನ್ನು ಮೂಗಿನ ಕೆಳಗೆ ಹಿಡಿದೆ. ಎಡ ಹೊಳ್ಳೆಯ ಉಸಿರಿಗೆ ಪಟ್ಟಿಯ ಮೇಲೆ ಮಂಜು ಕಟ್ಟಿತು. ಬಲಗಡೆ ಪಟ್ಟಿ ಹೊಳೆಯುತ್ತಲೇ ಇತ್ತು. ಅಂದರೆ ಗಾಳಿ ದಾಟುತ್ತಿಲ್ಲ. ಹಣೆಗೆ ದೀಪ ಕಟ್ಟಿಕೊಂಡು, ಕೀವನ್ನು ಹೀರಿ ತೆಗೆದಾಗ ಒಳಗೆ ಬೂದು ಬಣ್ಣದ ಏನೋ ಕಂಡಿತು. ತುದಿ ಬಾಗಿದ ಸಣ್ಣ ಕೊಕ್ಕೆಯನ್ನು ಅದರ ಮೇಲಿನಿಂದ ಹಿಂದಕ್ಕೆ ದಾಟಿಸಿ, ನಿಧಾನವಾಗಿ ಮುಂದಕ್ಕೆ ಎಳೆದೆ. ಹರಿದ ಹಾಸಿಗೆಯಿಂದ ಕಿತ್ತುಕೊಂಡಿದ್ದ ಸ್ಪಂಜಿನ ಚೂರು. ಅದರ ವಾಸನೆಗೆ ಕೋಣೆಯ ಕಿಟಕಿಗಳನ್ನೆಲ್ಲ ತೆಗೆಯಬೇಕಾಯಿತು. ಕೆಲವೇ ದಿನಗಳಲ್ಲಿ, ಬೇರೆ ಯಾವ ಔಷಧಿಯೂ ಇಲ್ಲದೆ, ಮಗುವಿನ ಮೂಗು ಒಣಗಿತು.

ಮಗುವಿಗೆ ಒಂದೇ ಹೊಳ್ಳೆಯಿಂದ ವಾಸನೆಯ ಕೀವು ಬಂದರೆ, ಅಲ್ಲವೆಂದು ಖಚಿತವಾಗುವವರೆಗೆ, ಒಳಗೆ ಏನೋ ಸಿಕ್ಕಿಕೊಂಡಿದೆ ಎಂದೇ ತಿಳಿಯಬೇಕು. ನಮ್ಮ ಪಠ್ಯಪುಸ್ತಕಗಳು ಹೇಳುವುದೂ ಇದನ್ನೇ. ಹುಣಸೆ ಬೀಜ, ಕಡಲೆ, ಮಣಿ, ಬಳಪದ ಚೂರು ಎಲ್ಲವೂ ಸಿಗುತ್ತವೆ. ತೆಗೆಯದೆ ವರ್ಷಗಟ್ಟಲೆ ಬಿಟ್ಟರೆ ಅದರ ಸುತ್ತ ಸುಣ್ಣದಂಶ ಪದರ ಪದರವಾಗಿ ಕಟ್ಟಿ ಕಲ್ಲಾಗುತ್ತದೆ. ದೊಡ್ಡವರಾದ ಮೇಲೆ ‘ಹಳೇ ಸೈನಸ್’ ಎಂದು ಬಂದವರ ಮೂಗಿನಿಂದ ಇಂಥ ಕಲ್ಲು ತೆಗೆದದ್ದುಂಟು. ಗುಂಡಿಯಾಕಾರದ ಬ್ಯಾಟರಿಯಾದರೆ ಮಾತ್ರ ದಿನ ಕಾಯುವಂತಿಲ್ಲ. ಮೂಗಿನ ತೇವದಲ್ಲಿ ಅದರ ವಿದ್ಯುತ್ ಹರಿದು ಕ್ಷಾರ ಹುಟ್ಟುತ್ತದೆ. ಕೆಲವೇ ಗಂಟೆಗಳಲ್ಲಿ ಎರಡು ಹೊಳ್ಳೆಗಳ ನಡುವಿನ ಗೋಡೆ ಸುಟ್ಟು ತೂತು ಬೀಳಬಹುದು. ಆಟಿಕೆ, ರಿಮೋಟಿನ ಬ್ಯಾಟರಿ ಕಾಣೆಯಾಗಿ ಮಗು ಮೂಗು ಉಜ್ಜಿಕೊಳ್ಳುತ್ತಿದ್ದರೆ ರಾತ್ರಿಯೆಂದು ನೋಡದೆ ಆಸ್ಪತ್ರೆಗೆ ಹೊರಡಬೇಕು. ಮನೆಯಲ್ಲಿ ಹೇರ್‌ಪಿನ್ ಹಾಕಿ ಕೆದಕಬಾರದು.

ಇನ್ನು ಹದಿಹರೆಯದ ಹುಡುಗರು. ಒಂದೇ ಹೊಳ್ಳೆ ಕಟ್ಟಿದೆ, ಆಗಾಗ ಧಾರಾಕಾರ ರಕ್ತ ಬರುತ್ತದೆ ಎಂದರೆ ‘ಉಷ್ಣ’ ಎಂದು ಸುಮ್ಮನಾಗುವವರೇ ಹೆಚ್ಚು. ಮೂಗಿನ ಹಿಂಭಾಗದಲ್ಲಿ ಬೆಳೆಯುವ, ರಕ್ತನಾಳಗಳೇ ತುಂಬಿದ ಒಂದು ಗಡ್ಡೆಯಿದೆ. ಆಂಜಿಯೊಫೈಬ್ರೋಮ ಎಂದು ಅದರ ಹೆಸರು. ಕ್ಯಾನ್ಸರ್ ಅಲ್ಲ, ಬರುವುದು ಹೆಚ್ಚುಕಡಿಮೆ ಈ ವಯಸ್ಸಿನ ಹುಡುಗರಿಗೆ ಮಾತ್ರ. ದುರ್ಮಾಂಸವೆಂದು ತಿಳಿದು ಕ್ಲಿನಿಕ್ಕಿನಲ್ಲಿ ಕೂರಿಸಿ ಒಂದು ತುಣುಕು ಕತ್ತರಿಸಿದರೆ ರಕ್ತ ನಿಲ್ಲಿಸುವುದೇ ಕಷ್ಟವಾಗಿ ಪ್ರಾಣಕ್ಕೆ ಕುತ್ತು ಬರಬಹುದು. ಇಲ್ಲಿ ಮೊದಲು ಬೇಕಾದದ್ದು ಸ್ಕ್ಯಾನು. ನಾನು ಸ್ಕ್ಯಾನಿನ ವಿರೋಧಿಯಲ್ಲ. ಯಾರಿಗೆ ಬೇಕು, ಯಾವ ಜಾಗದ್ದು ಬೇಕು ಎಂದು ತಿಳಿಯಲು ಮೊದಲು ಕೇಳಬೇಕು, ನೋಡಬೇಕು ಎನ್ನುತ್ತಿದ್ದೇನೆ.

ಕೆರೆ, ಹೊಂಡಗಳಲ್ಲಿ ದನ ಮೈತೊಳೆದು ತಾವೂ ಮುಳುಗಿ ಏಳುವವರಲ್ಲಿ ಇನ್ನೊಂದು ಕಾಯಿಲೆ ಕಾಣುತ್ತದೆ. ಒಂದು ಹೊಳ್ಳೆಯಲ್ಲಿ ಮುಟ್ಟಿದರೆ ರಕ್ತ ಸುರಿಸುವ ಕೆಂಪು ಮಾಂಸ, ಅದರ ಮೇಲೆ ಸಣ್ಣ ಬಿಳಿ ಚುಕ್ಕೆಗಳು. ನೋಡಲು ಸ್ಟ್ರಾಬೆರಿ ಹಣ್ಣಿನಂತೆ. ಇದು ರೈನೊಸ್ಪೊರಿಡಿಯೋಸಿಸ್. 1900ರಲ್ಲಿ ಅರ್ಜೆಂಟೀನಾದ ಗಿಯೆರ್ಮೊ ಸೀಬರ್ ಇದನ್ನು ಮೊದಲು ವರ್ಣಿಸಿದರು. ಆದರೆ ಇದರ ರೋಗಿಗಳು ಹೆಚ್ಚಾಗಿ ಇರುವುದು ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ. ದಶಕಗಳ ಕಾಲ ಇದನ್ನು ಶಿಲೀಂಧ್ರ ಎಂದೇ ಎಣಿಸಲಾಗಿತ್ತು. ಅನುವಂಶೀಯ ಪರೀಕ್ಷೆಗಳು ಬಂದ ಮೇಲೆ ಇದು ಮೀನುಗಳಿಗೆ ಅಂಟುವ ಕೆಲವು ಪರಾವಲಂಬಿಗಳ ಹತ್ತಿರದ ಬಂಧು ಎಂದು ಗೊತ್ತಾಯಿತು. ಬರೀ ಮಾತ್ರೆಗೆ ಇದು ಬಗ್ಗುವುದಿಲ್ಲ. ಬುಡಸಮೇತ ತೆಗೆದು ಆ ಜಾಗವನ್ನು ಸುಡಬೇಕು. ಆದರೂ ಮರಳಿ ಬರುವುದುಂಟು. ಚುಕ್ಕೆಗಳನ್ನು ಒಮ್ಮೆ ಕಣ್ಣಾರೆ ಕಂಡ ವೈದ್ಯರು ಮರೆಯುವುದಿಲ್ಲ. ಮೂಗಿನೊಳಗೆ ನೋಡದವರಿಗೆ ಮಾತ್ರ ಅದು ತಿಂಗಳುಗಟ್ಟಲೆ ಬರೀ ‘ಮೂಗಿನ ರಕ್ತ’ ಆಗಿಯೇ ಉಳಿಯುತ್ತದೆ.

ತಲೆ ಬಗ್ಗಿಸಿ ರಂಗೋಲಿ ಹಾಕುವಾಗ, ಪಾತ್ರೆ ಉಜ್ಜುವಾಗ ಒಂದೇ ಹೊಳ್ಳೆಯಿಂದ ತಿಳಿನೀರು ತಟತಟ ತೊಟ್ಟಿಕ್ಕುತ್ತದೆ ಎನ್ನುವ ಹೆಂಗಸರನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ನೆಗಡಿಯ ಸಿಂಬಳದ ಅಂಟು ಅದರಲ್ಲಿಲ್ಲ. ಗಂಟಲಿಗೆ ಇಳಿದರೆ ಉಪ್ಪುಪ್ಪು ರುಚಿ. ಅದು ಮಿದುಳಿನ ಸುತ್ತಲಿನ ನೀರಾಗಿರಬಹುದು. ಮೂಗಿನ ಚಾವಣಿಯ ತೆಳುಮೂಳೆಯಲ್ಲಿ ಬಿರುಕು ಬಿಟ್ಟಾಗ ಅದು ಹೀಗೆ ಸೋರುತ್ತದೆ. ತಲೆಗೆ ಪೆಟ್ಟು ಬಿದ್ದವರಲ್ಲಿ ಇದು ಹೆಚ್ಚು, ಪೆಟ್ಟೇ ಇಲ್ಲದೆಯೂ ಆಗಬಹುದು. ಅಲರ್ಜಿಯ ಮಾತ್ರೆ ನುಂಗುತ್ತ ಕೂತರೆ ಅದೇ ಬಿರುಕಿನಿಂದ ಸೋಂಕು ಒಳಹೊಕ್ಕು ಮಿದುಳು ಪೊರೆಯ ಉರಿಯೂತ ಬರಬಹುದು. ಆ ನೀರನ್ನು ಒಂದು ಬಾಟಲಿಯಲ್ಲಿ ಹಿಡಿದು ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಇದೆಯೇ ಎಂದು ನೋಡಿದರೆ ಅನುಮಾನ ಬಗೆಹರಿಯುತ್ತದೆ.

ಈಗ ಕಿವಿಯ ನೋವು. ಇದು ನನ್ನನ್ನು ಹೆಚ್ಚು ಕಾಡುವ ವಿಷಯ. ನಡುವಯಸ್ಸಿನ ಗಂಡಸು, ಎಲೆ ಅಡಿಕೆ ಜೊತೆ ಕಡ್ಡಿಪುಡಿ ಹಾಕುವ ಅಭ್ಯಾಸ, ಅಥವಾ ಬೀಡಿ. ಬಲಗಿವಿ ನೋವು ಎನ್ನುತ್ತಾರೆ. ಕಿವಿಗೆ ಡ್ರಾಪ್ಸು ಬಿಟ್ಟು ಬಿಟ್ಟು ಸೋತಿರುತ್ತಾರೆ. ಕಿವಿಯೊಳಗೆ ನೋಡಿದರೆ ತಮಟೆ ಮುತ್ತಿನಂತೆ ಹೊಳೆಯುತ್ತಿರುತ್ತದೆ, ಅಲ್ಲಿ ಏನೂ ಇಲ್ಲ. ಹಾಗಾದರೆ ನೋವು ಸುಳ್ಳೇ? ಅಲ್ಲ. ನಾಲಿಗೆಯ ಬುಡ, ಟಾನ್ಸಿಲ್, ಧ್ವನಿಪೆಟ್ಟಿಗೆಗೆ ಹೋಗುವ ನರಗಳ ಕವಲುಗಳೇ ಕಿವಿಗೂ ಹೋಗುತ್ತವೆ. ಗಂಟಲಿನಲ್ಲಿ ಹುಣ್ಣಾದರೆ ಮಿದುಳಿಗೆ ಅದು ಕಿವಿಯ ನೋವಾಗಿ ತಲುಪಬಹುದು. ಇಂಥವರಿಗೆ ನಾನು ಗ್ಲೌಸು ಹಾಕಿಕೊಂಡು ನಾಲಿಗೆಯ ಬುಡವನ್ನು ಬೆರಳಿನಿಂದ ಮುಟ್ಟಿ ನೋಡುತ್ತೇನೆ, ಕತ್ತಿನಲ್ಲಿ ಗಂಟಿದೆಯೇ ಎಂದು ತಡವುತ್ತೇನೆ, ಕನ್ನಡಿ ಅಥವಾ ಎಂಡೋಸ್ಕೋಪಿನಿಂದ ಧ್ವನಿತಂತುಗಳವರೆಗೂ ನೋಡುತ್ತೇನೆ. ಕಿವಿಯ ಡ್ರಾಪ್ಸಿನಲ್ಲಿ ಕಳೆದುಹೋದ ತಿಂಗಳುಗಳಲ್ಲಿ ಚಿಕ್ಕದಾಗಿದ್ದ ಕ್ಯಾನ್ಸರ್ ದೊಡ್ಡದಾಗಿರುವುದನ್ನು ಕಂಡು ಮನೆಯವರಿಗೆ ಆ ಸುದ್ದಿ ಹೇಳಬೇಕಾದಾಗ ಆಗುವ ಸಂಕಟ ನನ್ನ ವೃತ್ತಿಯ ಎಲ್ಲರಿಗೂ ಗೊತ್ತು. ಅಡಿಕೆ, ತಂಬಾಕು ಇಷ್ಟು ಬಳಕೆಯಲ್ಲಿರುವ ನಮ್ಮ ರಾಜ್ಯದಲ್ಲಿ, ಚೆನ್ನಾಗಿರುವ ಕಿವಿಯಲ್ಲಿ ಒಂದೇ ಕಡೆ ನೋವು ಎಂದರೆ ಬಾಯಿ, ಗಂಟಲು ನೋಡದೆ ಕಳಿಸಬಾರದು. ದೊಡ್ಡವರ ಒಂದೇ ಕಿವಿಯ ತಮಟೆಯ ಹಿಂದೆ ನೀರು ನಿಂತಿದ್ದರೂ ಅಷ್ಟೇ. ಮೂಗಿನ ಹಿಂಭಾಗದಲ್ಲಿ ಗಡ್ಡೆ ಇಲ್ಲವೆಂದು ನೋಡಿ ಖಚಿತಪಡಿಸಿಕೊಳ್ಳಬೇಕು.

ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಎಲ್ಲರೂ ನೋಡಿರುವ ಶ್ರುತಿಕವೆ ನನ್ನ ಮೇಜಿನ ಮೇಲೆ ಸದಾ ಇರುತ್ತದೆ. 1711ರಲ್ಲಿ ಇಂಗ್ಲೆಂಡಿನ ತುತ್ತೂರಿ ವಾದಕ ಜಾನ್ ಶೋರ್ ಇದನ್ನು ಸಂಗೀತಕ್ಕಾಗಿ ಮಾಡಿದರು. ಮುಂದೆ 19ನೇ ಶತಮಾನದಲ್ಲಿ ವೇಬರ್, ರಿನ್ನೆ ಎಂಬ ಜರ್ಮನ್ ವಿದ್ವಾಂಸರ ಹೆಸರಿನ ಪರೀಕ್ಷೆಗಳು ಇದರಿಂದ ಹುಟ್ಟಿದವು. ಬೆಳಿಗ್ಗೆ ಎದ್ದಾಗ ಒಂದು ಕಿವಿ ಕೇಳಿಸುತ್ತಿಲ್ಲ ಎಂದು ಬಂದವರ ಹಣೆಯ ನಡುವೆ, ಮಿಡಿದ ಕವೆಯನ್ನು ಇಟ್ಟು ‘ಯಾವ ಕಡೆ ಜೋರಾಗಿ ಕೇಳುತ್ತೆ?’ ಎನ್ನುತ್ತೇನೆ. ಗುಗ್ಗೆಯೋ ತಮಟೆಯ ಹಿಂದಿನ ನೀರೋ ಕಾರಣವಾದರೆ ಕೇಳಿಸದ ಕಿವಿಯಲ್ಲೇ ಜೋರಾಗಿ ಕೇಳುತ್ತದೆ. ಒಳಗಿವಿ ಅಥವಾ ನರ ಕೆಟ್ಟಿದ್ದರೆ ಚೆನ್ನಾಗಿರುವ ಕಿವಿಗೆ ಕೇಳುತ್ತದೆ. ಮೊದಲನೆಯದಾದರೆ ಅವಸರವಿಲ್ಲ. ಎರಡನೆಯದಾದರೆ ಅದು ತುರ್ತು. ಮೂರು ದಿನದೊಳಗೆ ಹೀಗೆ ಏಕಾಏಕಿ ಬರುವ ನರಗಿವುಡಿಗೆ ಸ್ಟೀರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಫಲದ ಆಸೆ ಹೆಚ್ಚು. ಎರಡು ವಾರ ಕಳೆದ ಮೇಲೆ ಆಸೆ ಕುಗ್ಗುತ್ತ ಹೋಗುತ್ತದೆ. ‘ಕಿವಿ ಕಟ್ಟಿದೆ, ತಾನಾಗಿ ಬಿಡುತ್ತದೆ’ ಎಂಬ ಮಾತಿನಲ್ಲಿ ಆ ಎರಡು ವಾರ ಕಳೆದುಹೋಗುತ್ತದೆ. ಅದನ್ನು ಉಳಿಸಲು ಬೇಕಾದದ್ದು ಒಂದು ಕವೆ, ಒಂದು ನಿಮಿಷ.

ಅದೇ ಕವೆಯಿಂದ ಇನ್ನೊಂದು ಅಪರೂಪದ ಕಾಯಿಲೆಯ ಗುಟ್ಟು ಬಿಡಿಸಿಕೊಂಡದ್ದನ್ನೂ ಹೇಳಬೇಕು. ಒಬ್ಬರು ಟೈಲರ್ ಬಂದಿದ್ದರು. ‘ಕಣ್ಣು ಆ ಕಡೆ ಈ ಕಡೆ ಹೊರಳಿಸಿದರೆ ಕಿವಿಯಲ್ಲಿ ಕರ್ ಕರ್ ಅನ್ನುತ್ತೆ, ಮೇಡಂ. ನಡೆದರೆ ನನ್ನ ಹೆಜ್ಜೆ ತಲೆಯೊಳಗೇ ಬಿದ್ದಂಗೆ ಕೇಳುತ್ತೆ. ಪಟಾಕಿ ಹೊಡೆದರೆ ನೆಲ ವಾಲುತ್ತೆ’ ಎಂದರು. ಮನೆಯವರು ಅವರನ್ನು ದೇವರ ಬಳಿ ಕರೆದೊಯ್ದಿದ್ದರು, ಆಮೇಲೆ ಮನಸ್ಸಿನ ಕಾಯಿಲೆಯ ಮಾತ್ರೆ ಕೊಡಿಸಿದ್ದರು. ‘ಯಾವ ಕಿವಿ ಅಣ್ಣ?’ ಎಂದೆ. ಕ್ಷಣವೂ ಯೋಚಿಸದೆ ಎಡಗಿವಿ ತೋರಿಸಿದರು. ಚಪ್ಪಲಿ ಬಿಡಿಸಿ, ಮಿಡಿದ ಕವೆಯ ಬುಡವನ್ನು ಎಡಗಾಲಿನ ಹರಡಿನ ಮೂಳೆಯ ಮೇಲೆ ಒತ್ತಿ ಹಿಡಿದೆ. ಕಾಲಿಗೆ ಹಚ್ಚಿದ ಕವೆಯ ನಾದ ಎಡಗಿವಿಯಲ್ಲಿ ಕೇಳುತ್ತಿದೆ ಎಂದು ಅವರು ಬೆರಗಾಗಿ ಕಿವಿ ಮುಟ್ಟಿಕೊಂಡರು.

ನಮ್ಮ ಒಳಗಿವಿಯಲ್ಲಿ ದೇಹದ ಸಮತೋಲ ಕಾಯುವ ಮೂರು ಅರೆವೃತ್ತದ ನಾಳಗಳಿವೆ. ಮೇಲಿನ ನಾಳದ ಮೇಲೆ ಹೊದಿಸಿರುವ ತೆಳುಮೂಳೆ ಕೆಲವರಲ್ಲಿ ಸವೆದು ತೆರೆದುಕೊಂಡಿರುತ್ತದೆ. ಒಳಗಿವಿಗೆ ಸಹಜವಾಗಿ ಇರುವ ಎರಡು ಕಿಂಡಿಗಳ ಜೊತೆ ಮೂರನೆಯದೊಂದು ಸೇರಿದಂತಾಗಿ, ದೇಹದ ಒಳಗಿನ ಸದ್ದುಗಳೆಲ್ಲ ಆ ಕಿವಿಗೆ ಜೋರಾಗಿ ಕೇಳಿಸುತ್ತವೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಲಾಯ್ಡ್ ಮೈನರ್ ಮತ್ತು ಸಂಗಡಿಗರು ಇದನ್ನು ಗುರುತಿಸಿದ್ದು 1998ರಲ್ಲಿ. ಅದಕ್ಕೂ ಮುಂಚೆ ಇಂಥ ಮಾತಾಡಿದವರನ್ನು ನಂಬಲು ವೈದ್ಯರಿಗೂ ಆಧಾರ ಇರಲಿಲ್ಲ. ಈ ಟೈಲರಿಗೆ ಅದಾಗಲೇ ತಲೆಯ ಸಿ.ಟಿ. ಆಗಿತ್ತು, ವರದಿ ‘ನಾರ್ಮಲ್’ ಎಂದಿತ್ತು. ಸಾಮಾನ್ಯ ಸ್ಕ್ಯಾನಿನಲ್ಲಿ ಅಷ್ಟು ಸಣ್ಣ ಬಿರುಕು ಕಾಣದೆ ಹೋಗಬಹುದು. ಕಿವಿಯ ಮೂಳೆಯನ್ನು ಬಹಳ ತೆಳುವಾದ ಪದರಗಳಲ್ಲಿ ಸ್ಕ್ಯಾನ್ ಮಾಡಿ ಎಂದು ಬರೆದು ಬೆಂಗಳೂರಿಗೆ ಕಳಿಸಿದ ಮೇಲೆ ಮೂಳೆಯ ಕೊರತೆ ಸ್ಪಷ್ಟವಾಗಿ ಕಂಡಿತು. ಶಸ್ತ್ರಚಿಕಿತ್ಸೆ ಬೇಡ, ತನಗೆ ಹುಚ್ಚಲ್ಲ ಎಂದು ಮನೆಯವರಿಗೆ ತಿಳಿದರೆ ಸಾಕು ಎಂದರು. ಈಗ ಹೊಲಿಗೆ ಅಂಗಡಿ ನಡೆಸುತ್ತಿದ್ದಾರೆ.

ತಲೆಸುತ್ತಿನ ಕತೆಯೂ ಇಂಥದ್ದೇ. ಹಾಸಿಗೆಯಲ್ಲಿ ಬಲ ಮಗ್ಗುಲಿಗೆ ಹೊರಳಿದಾಗ, ಅಟ್ಟದ ಮೇಲಿನ ಡಬ್ಬಿಗೆ ತಲೆ ಎತ್ತಿದಾಗ ಅರ್ಧ ನಿಮಿಷ ಇಡೀ ಮನೆ ಗಿರ್ರನೆ ತಿರುಗಿತು ಎನ್ನುವವರಿಗೆ ಬಿಪಿ, ಗ್ಯಾಸು, ಕತ್ತಿನ ಮೂಳೆ ಸವೆತ ಎಂಬ ಹೆಸರುಗಳೇ ಮೊದಲು ಸಿಗುತ್ತವೆ. ಒಳಗಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳಿವೆ. ಅವು ತಮ್ಮ ಜಾಗ ಬಿಟ್ಟು ಅರೆವೃತ್ತದ ನಾಳಕ್ಕೆ ಬಿದ್ದರೆ, ಗಾರೆ ಮೇಸ್ತ್ರಿಯ ರಸಮಟ್ಟದೊಳಗೆ ಕಸ ಸೇರಿದಂತೆ, ಆ ನಾಳ ಮಿದುಳಿಗೆ ತಪ್ಪು ಮಟ್ಟ ಹೇಳುತ್ತದೆ. ಇದು ಯಾವ ಎಂ.ಆರ್.ಐ.ನಲ್ಲೂ ಕಾಣುವುದಿಲ್ಲ. ರೋಗಿಯ ತಲೆಯನ್ನು ಒಂದು ಕಡೆಗೆ 45 ಡಿಗ್ರಿ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ, ಕಣ್ಣುಗುಡ್ಡೆ ಕುಣಿಯುತ್ತದೆಯೇ ಎಂದು ನೋಡಿದರೆ ಕಾಣುತ್ತದೆ. 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ಈ ಪರೀಕ್ಷೆಯನ್ನು ವಿವರಿಸಿದರು. ಯಾವ ಕಿವಿ ಎಂದು ಗೊತ್ತಾದ ಮೇಲೆ ಅದೇ ಮಂಚದ ಮೇಲೆ ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ಹೊರಗೆ ಉರುಳಿಸಬಹುದು. ಅಮೆರಿಕದ ಜಾನ್ ಎಪ್ಲಿ ಈ ವಿಧಾನ ತೋರಿಸಿದಾಗ ಸಹೋದ್ಯೋಗಿಗಳು ನಂಬಲಿಲ್ಲ. 1992ರಲ್ಲಿ ಅವರ ಲೇಖನ ಪ್ರಕಟವಾದ ಮೇಲೆ ಇಂದು ಜಗತ್ತೆಲ್ಲ ಅದನ್ನು ಮಾಡುತ್ತದೆ. ಆದರೆ ತಲೆಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡು ಕಂಡರೆ, ಕೈಕಾಲು ಸೋತರೆ, ನಿಲ್ಲಲೇ ಆಗದಿದ್ದರೆ ಅದು ಪಾರ್ಶ್ವವಾಯು ಇರಬಹುದು. ಆಗ ತಕ್ಷಣ ದೊಡ್ಡಾಸ್ಪತ್ರೆ.

ರೋಗಿಯ ಮಾತಿಗೆ ಎಷ್ಟು ಬೆಲೆ ಇದೆ ಎನ್ನುವುದಕ್ಕೆ ನಮ್ಮ ವಿಭಾಗದ ಚರಿತ್ರೆಯೇ ಸಾಕ್ಷಿ. ವಿಯೆನ್ನಾದಲ್ಲಿ ರಾಬರ್ಟ್ ಬಾರಾನಿ ಎಂಬ ವೈದ್ಯರು ರೋಗಿಗಳ ಕಿವಿಗೆ ನೀರು ಬಿಟ್ಟು ತೊಳೆಯುತ್ತಿದ್ದರು. ಒಬ್ಬ ರೋಗಿ, ನೀರು ತಣ್ಣಗಿದ್ದರೆ ತಲೆ ಸುತ್ತುತ್ತದೆ ಎಂದ. ನೀರು ಹೆಚ್ಚು ಬಿಸಿಯಾದಾಗಲೂ ಸುತ್ತು ಬಂತು, ಆದರೆ ಕಣ್ಣುಗುಡ್ಡೆ ವಿರುದ್ಧ ದಿಕ್ಕಿಗೆ ಕುಣಿಯಿತು. ಬಾರಾನಿ ಅದನ್ನು ಗೊಣಗಾಟ ಎಂದು ತಳ್ಳಿಹಾಕಲಿಲ್ಲ. ಒಂದೊಂದು ಕಿವಿಯ ಸಮತೋಲವನ್ನೂ ಬೇರೆಬೇರೆಯಾಗಿ ಅಳೆಯುವ ಪರೀಕ್ಷೆ ಹುಟ್ಟಿದ್ದು ಅಲ್ಲಿಂದ. 1914ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದಿತು. ಆ ಸುದ್ದಿ ಬಂದಾಗ ಅವರು ರಷ್ಯಾದಲ್ಲಿ ಯುದ್ಧಕೈದಿಯಾಗಿದ್ದರು.

ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ಸಮಯವೆಲ್ಲಿದೆ ಎಂದು ಕೇಳುವವರಿದ್ದಾರೆ. ಆ ಸಾಲುಗಳನ್ನು ನಾನೂ ನೋಡಿದ್ದೇನೆ. ಹೊರಗೆ ನೂರಾರು ಜನ ನಿಂತಿರುವಾಗ ಪ್ರತಿಯೊಬ್ಬರ ಕತೆ ಕೇಳಲಾಗದು, ಒಪ್ಪುತ್ತೇನೆ. ಒಂದೇ ಕಡೆಯ ತೊಂದರೆಗಳೆಲ್ಲ ಅಪಾಯವೂ ಅಲ್ಲ. ಹೆಚ್ಚಿನವರಿಗೆ ಇರುವುದು ಗುಗ್ಗೆಯೋ ಮೂಗಿನ ಸೊಟ್ಟಮೂಳೆಯೋ ಅಷ್ಟೇ. ಅದಕ್ಕಾಗಿಯೇ ಈ ಪ್ರಶ್ನೆ ಉಪಯುಕ್ತ. ನೂರು ಜನರಲ್ಲಿ ಯಾರನ್ನು ಐದು ನಿಮಿಷ ಹೆಚ್ಚು ಕೂರಿಸಿಕೊಳ್ಳಬೇಕು ಎಂದು ಅದು ಆರಿಸಿ ಕೊಡುತ್ತದೆ.

ನನ್ನ ಬೇಡಿಕೆ ಇಷ್ಟು. ಆಸ್ಪತ್ರೆಯ ಹೊರರೋಗಿ ಚೀಟಿಯಲ್ಲಿ ಒಂದು ಸಾಲು ಅಚ್ಚಾಗಲಿ: ‘ಬಲ / ಎಡ / ಎರಡೂ – ಎಷ್ಟು ದಿನದಿಂದ?’ ಅದನ್ನು ಸಾಲಿನಲ್ಲಿ ನಿಂತಿರುವಾಗಲೇ ನರ್ಸ್ ಗುರುತು ಹಾಕಬಹುದು. ಮೂರು ವಾರ ದಾಟಿದ ಒಂದೇ ಕಡೆಯ ತೊಂದರೆ, ಒಂದೇ ಕಿವಿಯ ಹಠಾತ್ ಕಿವುಡು, ಒಂದೇ ಹೊಳ್ಳೆಯ ರಕ್ತ ಅಥವಾ ವಾಸನೆ ಇದ್ದವರನ್ನು ಇನ್ನೊಂದು ಕೋರ್ಸ್ ಆ್ಯಂಟಿಬಯಾಟಿಕ್ ಕೊಟ್ಟು ಕಳಿಸದೆ, ಕಿವಿ ಮೂಗು ಗಂಟಲಿನ ತಜ್ಞರಿಗೆ ಕಳಿಸುವ ನಿಯಮವಾಗಲಿ. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮೇಜಿನ ಮೇಲೆ 512 ಹರ್ಟ್ಸ್‌ನ ಒಂದು ಶ್ರುತಿಕವೆ, ಹಣೆದೀಪ, ಕಿವಿ ನೋಡುವ ಆಟೋಸ್ಕೋಪ್ ಇರಲಿ. ಒಂದು ಸಿ.ಟಿ. ಸ್ಕ್ಯಾನಿನ ಖರ್ಚಿಗೆ ಇಂಥ ಹಲವು ಕವೆಗಳು ಬರುತ್ತವೆ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2006–07ರಿಂದಲೇ ಇದೆ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ. ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ ಈ ಸರಳ ಪ್ರಶ್ನೆಯನ್ನು ಕಲಿಸಲು ಬೇರೆ ರಾಜ್ಯದ ಕಡೆ ನೋಡಬೇಕಾಗಿಲ್ಲ.

ಚೀಟಿ ಬದಲಾಗಲು ಕಾಲ ಬೇಕು. ಅಲ್ಲಿಯವರೆಗೆ ಓದುಗರೇ ಈ ಕೆಲಸ ಮಾಡಬಹುದು. ವೈದ್ಯರ ಮುಂದೆ ಕೂತಾಗ ಯಾವ ಕಡೆ, ಎಂದಿನಿಂದ, ಏನು ಮಾಡಿದಾಗ ಹೆಚ್ಚಾಗುತ್ತದೆ ಎಂಬ ಮೂರು ಮಾತನ್ನು ಮೊದಲೇ ಹೇಳಿ. ಒಂದೇ ಕಡೆಯ ತೊಂದರೆಗೆ ಎರಡನೇ ಸಲವೂ ಅದೇ ಔಷಧಿ ಬರೆದರೆ, ‘ಆ ಕಡೆ ಒಳಗೆ ಒಮ್ಮೆ ನೋಡ್ತೀರಾ ಡಾಕ್ಟ್ರೇ?’ ಎಂದು ಕೇಳಿ. ಒಳ್ಳೆಯ ವೈದ್ಯರಿಗೆ ಈ ಮಾತಿನಿಂದ ಬೇಸರವಾಗುವುದಿಲ್ಲ.